ರಾಜೇಸಾಬರ ಒಂದು ನಿಮಿಷ

ನಾನು ಒಂದು ಸ್ಟಾಪ್‌ವಾಚ್. ಈಗ ಹೊತ್ತೆಷ್ಟು ಎಂದು ನನ್ನನ್ನು ಕೇಳಬೇಡಿ, ಅದು ನನಗೆ ಗೊತ್ತಿಲ್ಲ. ಒಂದು ಕೆಲಸ ಶುರುವಾಗಿ ಮುಗಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿ. ಸೆಕೆಂಡನ್ನು ಐದು ಪಾಲು ಮಾಡಿ ಹೇಳುತ್ತೇನೆ.

ಹುಟ್ಟಿದ್ದು ಗಡಿಯಾರದ ಕಾರ್ಖಾನೆಯೊಂದರಲ್ಲಿ. ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕುಳಿತ ಹೆಣ್ಣುಮಕ್ಕಳು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಿಂದ ನನ್ನ ಹಲ್ಲುಚಕ್ರಗಳನ್ನು ಒಂದೊಂದಾಗಿ ಎತ್ತಿ ಕೂರಿಸಿದರು. ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್ ಜೋಡಿಸುವಾಗ ಅವರಲ್ಲೊಬ್ಬಳು ಉಸಿರು ಬಿಗಿಹಿಡಿದಿದ್ದಳು. ಅವಳು ಉಸಿರು ಬಿಟ್ಟ ಮೇಲೆ ನಾನು ಟಿಕ್ ಎಂದೆ. ನನ್ನ ದೊಡ್ಡ ಮುಳ್ಳು ಒಂದು ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಒಳಗಿನ ಪುಟ್ಟ ಮುಳ್ಳಿನ ಒಂದು ಸುತ್ತು ಮುಗಿಯಲು ಮೂವತ್ತು ನಿಮಿಷ ಬೇಕು. ನೆತ್ತಿಯ ಮೇಲೊಂದು ಗುಂಡಿ: ಒಮ್ಮೆ ಒತ್ತಿದರೆ ಓಡುತ್ತೇನೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತೇನೆ, ಮೂರನೆಯ ಸಲ ಒತ್ತಿದರೆ ನಡೆದದ್ದನ್ನೆಲ್ಲ ಮರೆತು ಸೊನ್ನೆಗೆ ಬರುತ್ತೇನೆ. ಈ ಮರೆಯುವ ಗುಣ ಮನುಷ್ಯರಿಗಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

ಹುಬ್ಬಳ್ಳಿಯ ಆಟದ ಸಾಮಾನಿನ ಅಂಗಡಿಯಿಂದ ನನ್ನನ್ನು ಕೊಂಡವರು ಬಾದಾಮಿಯ ಹೈಸ್ಕೂಲಿನ ಪಿ.ಟಿ. ಮಾಸ್ತರ ತಿರುಕಪ್ಪ ಗಾಣಿಗೇರ. ಇಪ್ಪತ್ತೈದು ವರ್ಷ ನಾನು ಅವರ ಕೊರಳಲ್ಲಿ ಜೋತಾಡಿದೆ. ಕೆಂಪು ಮಣ್ಣಿನ ಮೈದಾನ, ಸೀಟಿಯ ಸದ್ದು, ಓಡಿ ಬಂದು ಏದುಸಿರು ಬಿಡುತ್ತ ನನ್ನ ಮುಖ ನೋಡುವ ಹುಡುಗ ಹುಡುಗಿಯರು. ನನ್ನ ಮಾತೆಂದರೆ ಮಾತು, ಅದನ್ನು ಯಾರೂ ಎದುರು ಹಾಕುತ್ತಿರಲಿಲ್ಲ. ಮಾಸ್ತರು ನಿವೃತ್ತರಾದ ದಿನ ಶಾಲೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅದರ ಮೇಲೆ ನನ್ನನ್ನೂ ಇಟ್ಟು ಕಳಿಸಿದರು. ಶಾಲೆಗೆ ಅಂಕಿ ತೋರಿಸುವ ಹೊಸ ವಾಚು ಬಂದಿತ್ತು.

ಮಾಸ್ತರರ ಮನೆಯ ಪಡಸಾಲೆಯ ಗೂಡಿನಲ್ಲಿ ನನ್ನ ವಾಸ. ಅಳೆಯಲು ಏನೂ ಇಲ್ಲದಿದ್ದರೂ ಅವರು ದಿನಾ ಮುಂಜಾನೆ ಕೀ ಕೊಡುತ್ತಿದ್ದರು. ಅಲ್ಲಿಂದಲೇ ನಾನು ರಾಜೇಸಾಬ ನದಾಫರನ್ನು ನೋಡಿದ್ದು.

ರಾಜೇಸಾಬರು ಮಾಸ್ತರರ ಹಳೆಯ ಶಿಷ್ಯ. ನಲವತ್ತು ದಾಟಿದ ವಯಸ್ಸು, ಬಾದಾಮಿಯ ಗುಹೆಗಳಿಗೆ ಬರುವ ಪ್ರವಾಸಿಗಳಿಗೆ ಗೈಡ್. ಓದಿದ್ದು ಪಿಯುಸಿಯವರೆಗೆ. ಇಂಗ್ಲಿಷ್ ಕಲಿತದ್ದು ಮೆಟ್ಟಿಲುಗಳ ಮೇಲೆ, ಬಂದವರ ಬಾಯಿಂದಲೇ. ಹದಿನೆಂಟು ತೋಳಿನ ನಟರಾಜನ ಮುಂದೆ ನಿಂತು ಅವರು ಇಂಗ್ಲಿಷಿನಲ್ಲಿ ಶುರು ಮಾಡಿದರೆ, ಮುಂದಿನ ಬಸ್ಸಿಗೆ ಹೊರಡಬೇಕಿದ್ದವರೂ ಬಸ್ಸು ಮರೆತು ನಿಲ್ಲುತ್ತಿದ್ದರು. ಈ ಊರಿನಲ್ಲಿ ಅವರಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡುವ ಗೈಡ್ ಇನ್ನೊಬ್ಬನಿರಲಿಲ್ಲ. ಇದು ಅವರಿಗೂ ಗೊತ್ತಿತ್ತು, ಕೇಳಿದವರಿಗೆಲ್ಲ ಹೇಳುತ್ತಲೂ ಇದ್ದರು.

ಆದರೆ ಬಲಗಾಲಿನ ಮೊಣಕಾಲು ಸವೆದಿತ್ತು. ದಿನಕ್ಕೆ ನಾಲ್ಕು ಸಲ ಗುಡ್ಡ ಹತ್ತುವುದು ಇನ್ನು ಎರಡು ವರ್ಷಕ್ಕಿಂತ ಹೆಚ್ಚು ನಡೆಯದು ಎಂದು ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ಊರ ಹೊರಗೆ ಶಿಲ್ಪಕಲೆಯ ಅಧ್ಯಯನ ಕೇಂದ್ರವೊಂದು ಶುರುವಾಯಿತು. ಹೊರದೇಶದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬಂದು ಇದ್ದು ಕಲಿಯುವ ಜಾಗ. ಅವರಿಗೆ ಪಾಠ ಹೇಳಲು ಒಬ್ಬರು ಬೇಕಿತ್ತು. ಕೇಂದ್ರದ ನಿರ್ದೇಶಕಿಗೆ ರಾಜೇಸಾಬರೇ ಬೇಕು. ಆದರೆ ಪದವಿ ಇಲ್ಲದವರನ್ನು ಆಡಳಿತ ಮಂಡಳಿ ಒಪ್ಪದು. ಇಂಗ್ಲಿಷ್ ಪ್ರಾವೀಣ್ಯದ ಮುಂದುವರಿದ ಹಂತದ ಪರೀಕ್ಷೆಯೊಂದಿದೆ, ಅದನ್ನು ಪಾಸು ಮಾಡಿ ಬನ್ನಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಆಕೆ ಹೇಳಿದರು. ಒಂದು ವರ್ಷ ಆ ಜಾಗ ಖಾಲಿ ಇಡುವುದಾಗಿ ಮಾತು ಕೊಟ್ಟರು.

ರಾಜೇಸಾಬರು ನಕ್ಕರಂತೆ. ಹುಬ್ಬಳ್ಳಿಗೆ ಹೋಗಿ, ಒಂದು ಪುಸ್ತಕವನ್ನೂ ತೆರೆಯದೆ, ಪರೀಕ್ಷೆ ಬರೆದು ಬಂದರು. ಕೆಲವು ವಾರಗಳ ಮೇಲೆ ಫಲಿತಾಂಶದ ಹಾಳೆ ಹಿಡಿದು ಮಾಸ್ತರರ ಪಡಸಾಲೆಗೆ ಬಂದು ಕುಳಿತರು.

"ಏನೋ ರಾಜ್ಯಾ, ಮಾರಿ ಯಾಕ ಹಂಗ ಮಾಡೀದಿ?" ಎಂದರು ಮಾಸ್ತರು.

"ಏಳು ಅಂಕದಾಗ ಹೋತ್ರಿ ಸರ. ಎಲ್ಲಾದಕಿಂತ ಕಡಿಮಿ ಬಂದಿದ್ದು ಯಾವುದ್ರಾಗ ಹೇಳ್ರಿ? ಮಾತಾಡೂದ್ರಾಗ! ಬರಿಯೂದ್ರಾಗ ಅಂದಿದ್ರ ಒಪ್ಕೋತಿದ್ನಿ. ಇಪ್ಪತ್ತ ವರ್ಷ ಬಾಯಿಂದ ದುಡದ ತಿಂದೀನ್ರಿ ನಾ."

ಮೈದಾನದಲ್ಲಿ ಸೋತವರ ಮುಖ ನಾನು ಬೇಕಾದಷ್ಟು ನೋಡಿದ್ದೆ. ಇದು ಸೋಲಿನ ಮುಖವಲ್ಲ, ಅವಮಾನದ ಮುಖ.

ಮಾಸ್ತರರ ಮಗಳು ದಾಕ್ಷಾಯಣಿ ಒಳಗಿನಿಂದ ಬಂದಳು. ಬಾಗಲಕೋಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳು, ದಿನಾ ರೈಲಿನಲ್ಲಿ ಹೋಗಿ ಬರುವವಳು. ಇದೇ ಪರೀಕ್ಷೆಯನ್ನು ಮೂರು ವರ್ಷದ ಹಿಂದೆ ಬರೆದು ಗೆದ್ದಿದ್ದಳು. ಹಾಳೆ ತೆಗೆದುಕೊಂಡು ನೋಡಿದಳು.

"ರಾಜೇಸಾಬಣ್ಣ, ಮಾತಿನ ಪರೀಕ್ಷಿಯೊಳಗ ಏನಾತು, ಇದ್ದದ್ದ ಇದ್ದಂಗ ಹೇಳ್ರಿ."

"ಮೂರು ಚಿತ್ರ ಕೊಟ್ರು ಅಕ್ಕಾರ. ಎರಡ ಆರಿಸಿ ಮಾತಾಡ್ರಿ ಅಂದ್ರು. ನಾ ಯಾಕ ಎರಡ ಅಂತ ಮೂರೂ ಹಿಡದ್ನಿ. ಚಲೋ ನಡದಿತ್ತು. ಪರೀಕ್ಷಿ ತಗೊಳ್ಳಾಕಿ ನಡಕ ಥ್ಯಾಂಕ್ ಯೂ ಅಂದ್ಲು. ಖುಷಿ ಆಗ್ಯಾಳ ಅನ್ಕೊಂಡು ಮತ್ತ ಎರಡ ಮಿನಿಟ ಹೇಳಿದ್ನಿ."

ಮಾಸ್ತರು ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ದಾಕ್ಷಾಯಣಿ ನಗಲಿಲ್ಲ.

"ಅಲ್ಲಿ ಥ್ಯಾಂಕ್ ಯೂ ಅಂದ್ರ ಇನ್ನ ಸಾಕು, ನಿಲ್ಲಸ್ರಿ ಅಂತ ಅರ್ಥ. ಒಬ್ಬೊಬ್ಬರಿಗೆ ಒಂದ ನಿಮಿಷ ಅಷ್ಟ. ಇರ್ಲಿ, ನಿಮ್ಮ ಜೋಡಿ ಇನ್ನೊಬ್ಬರನ್ನ ಕುಂಡ್ರಿಸಿದ್ರಲ್ಲ, ಅವರು ಏನಂದ್ರು?"

"ಒಂದ ಹುಡುಗಿ ಇತ್ತು."

"ಏನಂದ್ಲು?"

ಹದಿನೈದು ನಿಮಿಷ ಮಗ್ಗುಲಲ್ಲಿ ಕುಳಿತಿದ್ದ ಆ ಹುಡುಗಿಯ ಹೆಸರಾಗಲಿ, ಅವಳಾಡಿದ ಒಂದು ವಾಕ್ಯವಾಗಲಿ ರಾಜೇಸಾಬರಿಗೆ ನೆನಪಿರಲಿಲ್ಲ.

"ಮಂದಿನ ಗುಡ್ಡ ಹತ್ತಸೂ ಮುಂಚೆ ನೀವು ಏನ ಹೇಳ್ತೀರಿ?" ದಾಕ್ಷಾಯಣಿ ಬೇರೆಯೇ ಪ್ರಶ್ನೆ ಹಾಕಿದಳು.

"ಎಷ್ಟ ಮೆಟ್ಟಲ ಅದಾವ, ಎಷ್ಟ ಗುಹಿ, ಎಲ್ಲಿ ನೀರ ಕುಡೀಬೇಕು, ಎಲ್ಲಿ ಮಂಗ್ಯಾನ ಕಾಟ, ಎಲ್ಲಿ ಕುಂತ ದಣಿವ ಆರಸ್ಕೋಬೇಕು, ಎಲ್ಲಾ ಹೇಳತೀನಿ. ಹೇಳಲಿಲ್ಲಂದ್ರ ನಡುವ ಕುಂಡ್ರತಾರ."

"ನೀವು ಈ ಪರೀಕ್ಷಿ ಹತ್ತೂ ಮುಂಚೆ ನಿಮಗ ಇದನ್ನೆಲ್ಲಾ ಯಾರು ಹೇಳಿದ್ರು?"

ಬಾದಾಮಿಯ ಗೈಡಿಗೆ ಆ ಹಾಳೆಯನ್ನು ಮರಳಿ ಇಸಿದುಕೊಂಡು ನಾಲ್ಕಾಗಿ ಮಡಿಚಲು ಹದಿನಾಲ್ಕು ಸೆಕೆಂಡು ಹಿಡಿಯಿತು. ಯಾರೂ ನನ್ನ ಗುಂಡಿ ಒತ್ತಿರಲಿಲ್ಲ, ಆದರೂ ನಾನು ಎಣಿಸಿದೆ.

ಅವತ್ತೇ ಮಾಸ್ತರು ನನ್ನನ್ನು ಗೂಡಿನಿಂದ ತೆಗೆದು ರಾಜೇಸಾಬರ ಕೊರಳಿಗೆ ಹಾಕಿದರು. "ಮೊಬೈಲ್ ಬ್ಯಾಡ, ಅದನ್ನ ಹಿಡದ್ರ ಮತ್ತೇನರ ನೋಡ್ಕೋತ ಕುಂಡ್ರತಿ. ಇದನ್ನ ಇಟ್ಕೊ," ಎಂದರು. ಹೀಗೆ ನಾನು ಕೈ ಬದಲಾದೆ.

ದಾಕ್ಷಾಯಣಿ ಭಾನುವಾರಗಳಂದು ಪರೀಕ್ಷೆಯ ರೂಪವನ್ನು ಬಿಡಿಸಿ ಹೇಳಿದಳು. ನಾಲ್ಕು ಪತ್ರಿಕೆ. ಮೊದಲನೆಯದು ಓದು ಮತ್ತು ಭಾಷೆಯ ಬಳಕೆ: ಎಂಟು ಭಾಗ, ಐವತ್ತಾರು ಪ್ರಶ್ನೆ, ತೊಂಬತ್ತು ನಿಮಿಷ. ನನ್ನ ಪುಟ್ಟ ಮುಳ್ಳಿಗೆ ಮೂರು ಸುತ್ತು. ಮೊದಲ ನಾಲ್ಕು ಭಾಗದಲ್ಲಿ ಬಿಟ್ಟ ಪದ ತುಂಬುವುದು, ಪದದ ರೂಪ ಬದಲಿಸುವುದು, ಕೊಟ್ಟ ಒಂದು ಪದವನ್ನು ಇಟ್ಟುಕೊಂಡು ಅದೇ ಅರ್ಥವನ್ನು ಬೇರೆ ಥರ ಹೇಳುವುದು. ಉಳಿದ ನಾಲ್ಕು ಉದ್ದನೆಯ ಓದು. ಮೊದಲ ಸಲ ರಾಜೇಸಾಬರು ಹಳೆಯ ಹಡಗುಗಳ ಬಗ್ಗೆ ಇದ್ದ ಒಂದು ಲೇಖನಕ್ಕೆ ಮನಸೋತು ಅದನ್ನೇ ನಲವತ್ತು ನಿಮಿಷ ಓದಿ, ಕೊನೆಯ ಎರಡು ಭಾಗವನ್ನು ಮುಟ್ಟಿಯೇ ಇರಲಿಲ್ಲ. "ಲೇಖನ ಚಲೋ ಇತ್ತ ಅಕ್ಕಾರ," ಎಂದು ಈಗಲೂ ವಾದಿಸಿದರು. "ಚಲೋ ಇದ್ರ ಮನಿಗೆ ಬಂದು ಓದ್ರಿ. ಅಲ್ಲಿ ಪ್ರಶ್ನೆ ಮೊದಲ ನೋಡ್ರಿ, ಆಮ್ಯಾಲೆ ಉತ್ತರ ಹುಡುಕ್ರಿ," ಎಂದಳು ದಾಕ್ಷಾಯಣಿ.

ಬರವಣಿಗೆಗೂ ತೊಂಬತ್ತು ನಿಮಿಷ. ಎರಡೇ ಬರಹ: ಮೊದಲನೆಯದು ಎಲ್ಲರೂ ಬರೆಯಲೇಬೇಕಾದ ಪ್ರಬಂಧ, ಎರಡನೆಯದಕ್ಕೆ ಪತ್ರ, ವರದಿ, ವಿಮರ್ಶೆ ಹೀಗೆ ಕೊಟ್ಟದ್ದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದೊಂದೂ ಇನ್ನೂರ ಇಪ್ಪತ್ತರಿಂದ ಇನ್ನೂರ ಅರವತ್ತು ಪದ. ರಾಜೇಸಾಬರ ಮೊದಲ ಅಭ್ಯಾಸದ ಪ್ರಬಂಧ ಆರುನೂರು ಪದ ದಾಟಿ ಇನ್ನೂ ಪೀಠಿಕೆಯಲ್ಲೇ ಇತ್ತು. ದಾಕ್ಷಾಯಣಿ ಕೆಂಪು ಪೆನ್ನಿನಿಂದ ಹೊಡೆಯುತ್ತ ಹೋದ ಹಾಗೆ ಅವರು ಹಲ್ಲು ಕೀಳಿಸಿಕೊಳ್ಳುವವರಂತೆ ಕುರ್ಚಿ ಹಿಡಿದುಕೊಂಡರು. ಕೊನೆಗೆ ಉಳಿದದ್ದನ್ನು ಓದಿ, "ಇದ ಅಡ್ಡಿಯಿಲ್ಲ," ಎಂದು ಒಪ್ಪಿಕೊಂಡರು.

ಆಲಿಸುವ ಪತ್ರಿಕೆಯಲ್ಲಿ ಪ್ರತಿಯೊಂದು ಧ್ವನಿಮುದ್ರಿಕೆಯನ್ನೂ ಎರಡು ಸಲ ಕೇಳಿಸುತ್ತಾರೆ. ಹೋದ ಸಲ ಪರೀಕ್ಷೆಗೆ ಕೂರುವಾಗ ಇದು ಅವರಿಗೆ ಗೊತ್ತೇ ಇರಲಿಲ್ಲ. ಮೊದಲ ಮುದ್ರಿಕೆಯಲ್ಲಿ ಒಂದು ಪದ ತಪ್ಪಿಹೋಯಿತೆಂದು ಅಲ್ಲೇ ಕೊರಗುತ್ತ ಮುಂದಿನ ನಾಲ್ಕನ್ನೂ ಕಳೆದುಕೊಂಡಿದ್ದರು. "ಹೋದದ್ದ ಹೋಗಲಿ ಬಿಡ್ರಿ, ಅದು ಮತ್ತೊಮ್ಮಿ ಬರ್ತೈತಿ," ಎಂದಳು ಆಕೆ.

ಎಲ್ಲಕ್ಕಿಂತ ಕಷ್ಟವಾದದ್ದು ಆ ಒಂದು ನಿಮಿಷ. ಪ್ರವಾಸಿಗಳ ಒಂದು ಗುಂಪು ಇಳಿದು ಇನ್ನೊಂದು ಬರುವ ನಡುವೆ ರಾಜೇಸಾಬರು ಮೆಟ್ಟಿಲ ಮೇಲೆ ಕುಳಿತು ನನ್ನನ್ನು ಒತ್ತುತ್ತಿದ್ದರು. ಎರಡು ಚಿತ್ರ ಹೋಲಿಸಿ ಮಾತು ಶುರು. ನನ್ನ ದೊಡ್ಡ ಮುಳ್ಳು ಒಂದು ಸುತ್ತು ಮುಗಿಸಿದಾಗ ಅವರು ಮೊದಲ ಚಿತ್ರದ ಮೋಡಗಳನ್ನೇ ವರ್ಣಿಸುತ್ತಿರುತ್ತಿದ್ದರು. ಒಂದು ದಿನ ಹೀಗೆ ಮೈಮರೆತು ಮಾತಾಡುತ್ತಿದ್ದಾಗ ಹಿಂದಿನಿಂದ ಬಂದ ಹೆಣ್ಣು ಮಂಗವೊಂದು ನನ್ನನ್ನು ದಾರದ ಸಮೇತ ಕಿತ್ತುಕೊಂಡು ಬಂಡೆಯ ತುದಿಗೆ ಹೋಗಿ ಕುಳಿತಿತು. ನನ್ನನ್ನು ಕಚ್ಚಿ ನೋಡಿತು, ಕಿವಿಗಿಟ್ಟುಕೊಂಡಿತು, ಗುಂಡಿಯನ್ನೂ ಒತ್ತಿತು. ರಾಜೇಸಾಬರು ಒಂದು ಪೇರಲ ಹಣ್ಣು ತೋರಿಸಿ, "ಬಾರವ್ವಾ, ಸಮಾಧಾನ್ಲೆ ಮಾತಾಡೂಣು," ಎಂದು ಅರ್ಧ ತಾಸು ಬೇಡಿಕೊಂಡರು. ಅದು ಹಣ್ಣಿಗೆ ಕೈ ಚಾಚುವಾಗ ನನ್ನನ್ನು ಕೈಬಿಟ್ಟಿತು. ನನ್ನ ಗಾಜು ಬಿರಿಯಿತು, ಗೆರೆಯೊಂದು ನಟ್ಟನಡುವಿನಿಂದ ನಲವತ್ತೈದರವರೆಗೆ ಹೋಯಿತು. ಆದರೆ ನಾನು ಕೆಟ್ಟಿರಲಿಲ್ಲ. ಅಂದಿನಿಂದ ಮುಳ್ಳು ಆ ಬಿರುಕು ಮುಟ್ಟಿದ ಕೂಡಲೇ ಮಾತು ಮುಗಿಸಲು ತೊಡಗಬೇಕು ಎಂದು ಅವರು ನಿಯಮ ಮಾಡಿಕೊಂಡರು. ನನಗಾದ ಗಾಯ ಅವರಿಗೆ ಮೈಲಿಗಲ್ಲಾಯಿತು. ಹದಿನೈದು ದಿನದಲ್ಲಿ ಅವರ ಮಾತು ಐವತ್ತೆಂಟು ಸೆಕೆಂಡಿಗೆ ಬಂದು ನಿಂತಿತು.

ಆದರೆ ಪರೀಕ್ಷೆಯಲ್ಲಿ ಇನ್ನೊಂದು ಭಾಗವಿತ್ತು. ಇಬ್ಬರು ಅಭ್ಯರ್ಥಿಗಳು ಕೂಡಿ ಎರಡು ನಿಮಿಷ ಒಂದು ವಿಷಯ ಚರ್ಚಿಸಿ ಒಂದು ತೀರ್ಮಾನಕ್ಕೆ ಬರಬೇಕು. ಒಬ್ಬ ಪರೀಕ್ಷಕ ಮಾತಾಡಿಸುತ್ತಾನೆ, ಇನ್ನೊಬ್ಬ ಸುಮ್ಮನೆ ಕುಳಿತು ಅಂಕ ಹಾಕುತ್ತಾನೆ. ನೀವೆಷ್ಟು ಹೇಳಿದಿರಿ ಎನ್ನುವುದರಷ್ಟೇ ಎದುರಿನವರ ಮಾತನ್ನು ಹೇಗೆ ಎತ್ತಿಕೊಂಡು ಮುಂದುವರಿಸಿದಿರಿ ಎನ್ನುವುದಕ್ಕೂ ಅಲ್ಲಿ ಬೆಲೆ. "ಇದಕ್ಕ ನಿಮಗ ಜೋಡಿ ಬೇಕು. ನಾ ವಾರಪೂರ್ತಿ ಸಿಗೂದಿಲ್ಲ. ಮನ್ಯಾಗ ಮಾಡ್ರಿ, ಕನ್ನಡದಾಗ ಆದ್ರೂ ನಡೀತೈತಿ," ಎಂದಳು ದಾಕ್ಷಾಯಣಿ.

ಹಾಗಾಗಿ ರಾಜೇಸಾಬರು ಹೆಂಡತಿ ಜೈತುನಬಿಯ ಹೊಲಿಗೆ ಮಷೀನಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತರು. ನನ್ನನ್ನು ಮಷೀನಿನ ಮೇಲಿಟ್ಟರು.

"ವಿಷಯ ಏನಂದ್ರ, ಮನುಷ್ಯಾಗ ಕೆಲಸದಾಗ ತೃಪ್ತಿ ಯಾವುದರಿಂದ ಸಿಗತೈತಿ. ನೀ ಮೊದಲ ಹೇಳು."

ಜೈತುನಬಿ ಸೂಜಿಗೆ ದಾರ ಪೋಣಿಸುತ್ತ, "ನನ್ನ ಕೇಳಿದ್ರ..." ಎಂದು ಶುರು ಮಾಡಿದರು. ಹನ್ನೆರಡನೆಯ ಸೆಕೆಂಡಿಗೆ ರಾಜೇಸಾಬರು ಬಾಯಿ ಹಾಕಿದರು. ಎರಡನೆಯ ದಿನ ಹತ್ತೊಂಬತ್ತನೆಯ ಸೆಕೆಂಡಿಗೆ. ಮೂರನೆಯ ದಿನ ಅವರು ತುಟಿ ಕಚ್ಚಿ ಕುಳಿತರು. ಜೈತುನಬಿ ಮಾತು ನಿಲ್ಲಿಸಿ, ಗಂಡ ಇನ್ನೂ ಸುಮ್ಮನಿರುವುದನ್ನು ಕಂಡು ಮುಖ ಎತ್ತಿ ನೋಡಿದರು. ಆಮೇಲೆ ನಿಧಾನವಾಗಿ ಮುಂದುವರಿಸಿದರು.

"ನೀವು ದೇಶದೇಶದ ಮಂದಿಗೆಲ್ಲಾ ಗುಹಿ ತೋರಸ್ತೀರಿ. ನಾ ಲಗ್ನ ಆಗಿ ಈ ಊರಿಗೆ ಬಂದು ಹದಿನೆಂಟ ವರ್ಷಾತು. ಒಂದನೇ ಗುಹಿ ಬಾಗಲಾ ಬಿಟ್ಟು ಮ್ಯಾಲೆ ಹತ್ತಿಲ್ಲ ನಾ. ನೀವು ಕರೀಲಿಲ್ಲ, ನಾನೂ ಬಾಯಿ ಬಿಟ್ಟು ಕೇಳಲಿಲ್ಲ. ಕೇಳೂಣು ಅಂದ್ರ ನಿಮ್ಮ ಮಾತಿನಾಗ ಜಾಗಾನ ಸಿಗಲಿಲ್ಲ ನನಗ."

ರಾಜೇಸಾಬರು ಮೆಲ್ಲಗೆ ಗುಂಡಿ ಒತ್ತಿ ನನ್ನನ್ನು ನಿಲ್ಲಿಸಿದರು.

ಮರುದಿನ ಮುಂಜಾನೆ ಅವರು ಯಾವ ಪ್ರವಾಸಿಯನ್ನೂ ಒಪ್ಪಿಕೊಳ್ಳಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಗುಡ್ಡ ಹತ್ತಿದರು. ಒಬ್ಬರಿಗೆ ಮೊಣಕಾಲು, ಇನ್ನೊಬ್ಬರಿಗೆ ಹೊಸ ದಾರಿ. ಇಬ್ಬರೂ ಅಲ್ಲಲ್ಲಿ ಕೂರುತ್ತ ಹೋದರು. ಮೂರನೆಯ ಗುಹೆಯಲ್ಲಿ ನಿಂತಾಗ ರಾಜೇಸಾಬರ ಗಂಟಲವರೆಗೆ ಬಂದ ಕಥೆಯನ್ನು ಅವರು ನುಂಗಿಕೊಂಡದ್ದು ಎದೆಯ ಮೇಲಿದ್ದ ನನಗೆ ತಿಳಿಯಿತು.

"ನಿನಗ ಏನ ಕಾಣತೈತಿ ಹೇಳು," ಎಂದರು.

ಜೈತುನಬಿ ಕಂಬದ ತುದಿಯಲ್ಲಿ ಮರಕ್ಕೊರಗಿ ನಿಂತ ಕಲ್ಲಿನ ಹೆಣ್ಣುಗಳನ್ನು ಬಹಳ ಹೊತ್ತು ನೋಡಿದರು. "ಇವರ ಬಟ್ಟಿ ನೋಡ್ರಿ. ಒಬ್ಬಾಕಿದು ಇದ್ದಂಗ ಇನ್ನೊಬ್ಬಾಕಿದು ಇಲ್ಲ. ಈಕಿದು ನೆರಿಗಿ ಎಡಕ್ಕ ಬಿದ್ದೈತಿ, ಆಕಿದು ಬಲಕ್ಕ. ಆಕಿ ಸೀರಿ ಮ್ಯಾಲಿನ ಗೆರಿ ಬರೇ ಚಂದಕ್ಕ ಕೊರದದ್ದಲ್ಲ, ಅದು ನೇದ ಪಟ್ಟಿ. ಬಟ್ಟಿ ಗೊತ್ತಿದ್ದಾವನ ಕಡದಾನ ಇದನ್ನ."

ರಾಜೇಸಾಬರು ಇಪ್ಪತ್ತು ವರ್ಷ ಅದೇ ಕಂಬದ ಕೆಳಗೆ ನಿಂತು ಮಾತಾಡಿದ್ದರು. ಒಂದು ದಿನವೂ ನೆರಿಗೆ ನೋಡಿರಲಿಲ್ಲ. ಅವರು ಬೆನ್ನಿನ ಚೀಲದಿಂದ ನೋಟುಬುಕ್ಕು ತೆಗೆದು ಹೆಂಡತಿ ಹೇಳಿದ್ದನ್ನೆಲ್ಲ ಬರೆದುಕೊಂಡರು.

ವರ್ಷದ ಗಡುವು ಮುಗಿಯುವ ಮುಂಚಿನ ಕೊನೆಯ ಪರೀಕ್ಷೆಗೆ ಮತ್ತೆ ಹುಬ್ಬಳ್ಳಿ. ಪರೀಕ್ಷೆಯ ಕೋಣೆಗೆ ನನ್ನಂಥವರಿಗೆ ಪ್ರವೇಶವಿಲ್ಲ. ಚೀಲದ ಒಳಗೆ, ಹೊರಗಿನ ಕೋಣೆಯಲ್ಲಿ ಇದ್ದೆ. ಹಾಗಾಗಿ ಮುಂದಿನದು ರಾಜೇಸಾಬರು ಸಂಜೆಯ ರೈಲಿನಿಂದ ಇಳಿದು ನೇರ ಪಡಸಾಲೆಗೆ ಬಂದು ಮಾಸ್ತರಿಗೂ ದಾಕ್ಷಾಯಣಿಗೂ ಹೇಳಿದ್ದು.

ಓದಿನ ಪತ್ರಿಕೆ ಮುಗಿದಾಗ ಐದು ನಿಮಿಷ ಉಳಿದಿತ್ತು. ಎರಡೂ ಬರಹ ಅಳತೆಯೊಳಗೆ ನಿಂತವು. ಮಾತಿನ ಪರೀಕ್ಷೆಗೆ ಅವರ ಜೋಡಿ ಧಾರವಾಡದ ಫಿಸಿಯೊಥೆರಪಿಸ್ಟ್ ವೈಜಯಂತಿ ಎಂಬ ಹೆಣ್ಣುಮಗಳು. ಒಬ್ಬಳೇ ಮಾತಾಡುವ ಒಂದು ನಿಮಿಷದಲ್ಲಿ ಆಕೆ ಹೇಗೋ ದಡ ಮುಟ್ಟಿದಳು. ಕಷ್ಟದಲ್ಲಿರುವವರಿಗೆ ಹೇಗೆ ಧೈರ್ಯ ತುಂಬಬೇಕು ಎಂದು ಇಬ್ಬರೂ ಚರ್ಚಿಸಬೇಕಾದ ಭಾಗ ಬಂದಾಗ ಅವಳ ಬಾಯಿ ಕಟ್ಟಿತು. ಹಾಳೆಯನ್ನೇ ನೋಡುತ್ತ ಕುಳಿತಳು. ಎರಡು ನಿಮಿಷವನ್ನೂ ತಾನೇ ನುಂಗಿಬಿಡಲು ರಾಜೇಸಾಬರಿಗೆ ಅದಕ್ಕಿಂತ ಸಲೀಸಾದ ಅವಕಾಶ ಇನ್ನೊಂದಿರಲಿಲ್ಲ.

"ಏನ ಮಾಡಿದ್ರಿ?" ಎಂದಳು ದಾಕ್ಷಾಯಣಿ.

"ಕೇಳಿದ್ನಿ. ದಿನಾ ಎಷ್ಟ ಮಂದಿ ನೋವು ತಗೊಂಡ ನಿಮ್ಮ ಕಡೆ ಬರ್ತಾರ, ಅವರಿಗೆ ಯಾವ ಮಾತಿನಿಂದ ಧೈರ್ಯ ಬರ್ತೈತಿ ಅಂತ ಇಂಗ್ಲಿಷಿನಾಗ ಕೇಳಿ ಸುಮ್ನ ಕುಂತ್ನಿ. ಟೈಮ್ ಹೊಂಟಿತ್ತು ಅಕ್ಕಾರ. ಆದ್ರೂ ಕುಂತ್ನಿ. ಆಮ್ಯಾಲೆ ಆಕಿ ತಲಿ ಎತ್ತಿದ್ಲು. ಏನ ಚಂದ ಹೇಳಿದ್ಲ್ರೀ! ಅದನ್ನ ಹಿಡಕೊಂಡು ನಾ ಒಂದ ಮಾತ ಹೇಳಿದ್ನಿ, ಅದಕ್ಕ ಆಕಿ ಅಲ್ಲಾ ಅಂದ್ಲು, ಹಂಗ ನಡೀತು. ನಾ ಮಾತಿನ ನಡುವ ಇದ್ದಾಗ ಥ್ಯಾಂಕ್ ಯೂ ಅಂದ್ರು. ಅರ್ಧಕ್ಕ ನಿಲ್ಲಿಸಿಬಿಟ್ನಿ."

"ಅರ್ಧಕ್ಕ?" ಮಾಸ್ತರು ನಂಬಲಿಲ್ಲ.

"ಅರ್ಧಕ್ಕ ಸರ. ಇನ್ನೂ ಹೊಟ್ಯಾಗ ಐತಿ ಆ ವಾಕ್ಯ."

ಈ ಸಲ ಮಾಸ್ತರು ಶಾಲು ಬಾಯಿಗೆ ಒತ್ತಿಕೊಳ್ಳಲಿಲ್ಲ, ಜೋರಾಗಿಯೇ ನಕ್ಕರು.

ಫಲಿತಾಂಶ ಬಂದಾಗ ಬೇಕಾದ್ದಕ್ಕಿಂತ ಹನ್ನೊಂದು ಅಂಕ ಮೇಲಿತ್ತು. ಮಾತಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಹಾಳೆಯನ್ನು ಅವರು ಮೊದಲು ತೋರಿಸಿದ್ದು ಹೊಲಿಗೆ ಮಷೀನಿನ ಮುಂದೆ. ಜೈತುನಬಿ ಇಂಗ್ಲಿಷ್ ಅಕ್ಷರ ಓದಲಾರದವರು. "ನೀವ ಓದಿ ಹೇಳ್ರಿ, ನಾ ಕೇಳ್ತೀನಿ," ಎಂದರು. ಆಡಳಿತ ಮಂಡಳಿ ಹತ್ತು ನಿಮಿಷದಲ್ಲಿ ಒಪ್ಪಿತು. ಮುಂದಿನ ತಿಂಗಳಿನಿಂದ ರಾಜೇಸಾಬರು ದಿನಕ್ಕೆ ಒಂದೇ ಸಲ ಗುಡ್ಡ ಹತ್ತಿದರು, ಅದೂ ಬೇಕಾದಾಗ. ಕಲ್ಲಿನ ಹೆಣ್ಣುಗಳ ಉಡುಗೆಯ ಬಗ್ಗೆ ಪಾಠ ಬಂದಾಗ ಜೈತುನಬಿಯೂ ಜೊತೆಗೆ ಹೋಗುತ್ತಾರೆ. ಆಕೆ ಕನ್ನಡದಲ್ಲಿ ಹೇಳುತ್ತಾರೆ, ಇವರು ಇಂಗ್ಲಿಷಿನಲ್ಲಿ ದಾಟಿಸುತ್ತಾರೆ, ತಮ್ಮದೊಂದು ಮಾತನ್ನೂ ಸೇರಿಸದೆ.

ನನಗೆ ವಯಸ್ಸಾಯಿತು. ಕಳೆದ ವರ್ಷ ಕೀ ಕೊಡುವಾಗ ಒಳಗೆ ಸಣ್ಣಗೆ ಏನೋ ಮುರಿದ ಸದ್ದಾಯಿತು. ಬಾಗಲಕೋಟೆಯ ವಾಚ್ ರಿಪೇರಿಯವನು ಮುಚ್ಚಳ ತೆಗೆದು ನೋಡಿ, ಈ ಸ್ಪ್ರಿಂಗ್ ಈಗ ಎಲ್ಲೂ ಸಿಗುವುದಿಲ್ಲ ಎಂದು ತಲೆಯಾಡಿಸಿದ. ಈಗ ನಾನು ಕೇಂದ್ರದಲ್ಲಿ ರಾಜೇಸಾಬರ ಮೇಜಿನ ಖಾನೆಯಲ್ಲಿದ್ದೇನೆ, ಸೀಮೆಸುಣ್ಣದ ಡಬ್ಬಿಯ ಪಕ್ಕ. ನನಗೇನೂ ದುಃಖವಿಲ್ಲ. ನಾನು ಅಳೆದದ್ದರಲ್ಲಿ ಒಂದೂ ಸುಳ್ಳಲ್ಲ; ಇಷ್ಟು ಹೇಳಿಕೊಳ್ಳಬಲ್ಲವರು ಎಷ್ಟು ಮಂದಿ ಇದ್ದಾರೆ?

ಶನಿವಾರ ಮಧ್ಯಾಹ್ನ ಊರಿನ ಬೇರೆ ಗೈಡುಗಳು ಅದೇ ಪರೀಕ್ಷೆಗೆಂದು ಅವರ ಹತ್ತಿರ ಕಲಿಯಲು ಬರುತ್ತಾರೆ. ನಾಲ್ಕು ಪತ್ರಿಕೆ, ಯಾವುದಕ್ಕೆ ಎಷ್ಟು ಹೊತ್ತು, ಎಲ್ಲಿ ದಣಿವು, ಎಲ್ಲಿ ಎಚ್ಚರ ಎಂದು ರಾಜೇಸಾಬರು ಬೋರ್ಡಿನ ಮೇಲೆ ಬರೆದು ತೋರಿಸುತ್ತಾರೆ. ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಒಂದು ಪ್ರಶ್ನೆ ಕೇಳುತ್ತಾರೆ. ಯಾರೋ ಒಬ್ಬ ಮಾತಿಗಾಗಿ ತಡಕಾಡುತ್ತಿರುತ್ತಾನೆ, ಉಳಿದವರು ಕಾಯುತ್ತಿರುತ್ತಾರೆ. ಆ ಮೌನ ಎಷ್ಟು ಸೆಕೆಂಡು ಎಂದು ಹೇಳಲು ನನಗೀಗ ಆಗದು. ಖಾನೆಯ ಕತ್ತಲಲ್ಲಿ ನಾನೂ ಅವರ ಜೊತೆ ಕಾಯುತ್ತೇನೆ. ಕೊನೆಗೆ ಆ ಮನುಷ್ಯ ಮಾತು ಶುರು ಮಾಡುತ್ತಾನೆ, ರಾಜೇಸಾಬರು ಕುರ್ಚಿ ಎಳೆದುಕೊಂಡು ಕೇಳುತ್ತ ಕೂರುತ್ತಾರೆ.